ಸೈನಸ್ ಮೂಳೆಯುರಿತ
ದೀರ್ಘಕಾಲಿಕ ಸೈನಸೈಟಿಸ್‌ನಲ್ಲಿ ಮೂಗಿನ ಸುತ್ತಲಿನ ಗಾಳಿಕುಹರಗಳ ಮೂಳೆಗೋಡೆ ದಪ್ಪಗಾಗಿ ಗಡುಸಾಗುವ ಸ್ಥಿತಿ, ವೈದ್ಯಭಾಷೆಯಲ್ಲಿ ಆಸ್ಟಿಯೈಟಿಸ್. ಮೂಗು ಕಟ್ಟುವುದು, ಸಿಂಬಳ ಸೋರುವುದು, ಮುಖದ ನೋವು, ವಾಸನೆ ತಿಳಿಯದಿರುವುದು ಮುಂತಾದ ಲಕ್ಷಣಗಳು 12 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದರೆ ಸೈನಸೈಟಿಸನ್ನು ದೀರ್ಘಕಾಲಿಕವೆಂದು ಪರಿಗಣಿಸಲಾಗುತ್ತದೆ.

ಕಾರಣ: ಲೋಳೆಪೊರೆಯ ಉರಿಯೂತ ಅದರ ಕೆಳಗಿನ ಮೂಳೆಗೂ ತಟ್ಟುತ್ತದೆ. ಒಂದೆಡೆ ಮೂಳೆ ಸವೆದರೆ ಇನ್ನೊಂದೆಡೆ ಹೊಸ ಮೂಳೆ ಅಡ್ಡಾದಿಡ್ಡಿಯಾಗಿ ಬೆಳೆಯುತ್ತದೆ. ಟೈಪ್ 2 ಉರಿಯೂತದಲ್ಲಿ ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಸಂದೇಶವಾಹಕಗಳು ಹೆಚ್ಚುತ್ತವೆ. ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಲೋಳೆಪೊರೆಯಲ್ಲಿ ಜಮಾಯಿಸುತ್ತವೆ. ಮೂಗಿನಲ್ಲಿ ಪಾಲಿಪ್ (ಲೋಳೆಪೊರೆಯ ಮೃದು ಉಬ್ಬು) ಇರುವವರಲ್ಲಿ ಈ ಬಗೆಯ ಉರಿಯೂತ ಸಾಮಾನ್ಯ. ಇಯೊಸಿನೊಫಿಲ್ ಹೆಚ್ಚಿರುವವರಲ್ಲೂ ಹಿಂದೆ ಶಸ್ತ್ರಚಿಕಿತ್ಸೆ ಆದವರಲ್ಲೂ ಮೂಳೆಯ ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಇವುಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸೈನಸ್‌ಗಳ ತೆಳು ಗೋಡೆಯಲ್ಲಿ ಮಜ್ಜೆ ಇಲ್ಲದ ಕಾರಣ ಈ ಮೂಳೆಯುರಿತವನ್ನು ಆಸ್ಟಿಯೊಮೈಲೈಟಿಸ್ (ಮೂಳೆ ಮತ್ತು ಮಜ್ಜೆಯ ಉರಿಯೂತ) ಎನ್ನುವುದಿಲ್ಲ.

ಪತ್ತೆ: ಸಿ.ಟಿ. ಸ್ಕ್ಯಾನ್‌ನಲ್ಲಿ ಆರೋಗ್ಯವಂತರ ಎಥ್ಮಾಯ್ಡ್ (ಕಣ್ಣುಗಳ ನಡುವಿನ) ಸೈನಸ್‌ಗಳ ಗೋಡೆಗಳು ಕೂದಲೆಳೆಯಂತೆ ಕಾಣುತ್ತವೆ. ರೋಗಿಗಳಲ್ಲಿ ಅವು ದಪ್ಪನೆಯ ಬಿಳಿ ಪಟ್ಟಿಗಳಾಗುತ್ತವೆ. ತೀವ್ರತೆ ಅಳೆಯಲು ಬಳಸುವ ಒಂದು ಮಾಪಕದಲ್ಲಿ 10 ಸೈನಸ್‌ಗಳಿಗೆ ತಲಾ 0ಯಿಂದ 5ರಂತೆ ಒಟ್ಟು 50 ಅಂಕಗಳಿವೆ. ಗೋಡೆಯ ದಪ್ಪ 3 ಮಿ.ಮೀ.ಗಿಂತ ಕಡಿಮೆಯೋ, 5 ಮಿ.ಮೀ. ಮೀರಿದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಚಿಕಿತ್ಸೆ: ಉಪ್ಪುನೀರಿನಿಂದ ಮೂಗು ತೊಳೆಯುವುದು, ಸ್ಟೀರಾಯ್ಡ್ ಸ್ಪ್ರೇ, ಅಗತ್ಯಬಿದ್ದರೆ ಎಂಡೊಸ್ಕೋಪಿಕ್ ಶಸ್ತ್ರಚಿಕಿತ್ಸೆ. ತೀವ್ರ ಪಾಲಿಪ್‌ಗೆ ಡುಪಿಲುಮ್ಯಾಬ್ ಎಂಬ ಜೈವಿಕ ಔಷಧಿಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ಮೂಳೆ ಬಹಳ ದಪ್ಪಗಾದವರಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ರೋಗ ಮರುಕಳಿಸುವ ಸಂಭವ ಹೆಚ್ಚು.