ವಿಸ್ಬಿಯ ಅಸ್ಥಿಗಳು: ಶಿಲುಬೆಯ ಶಾಸನ ಹೇಳದೆ ಬಿಟ್ಟದ್ದು

ಬಾಲ್ಟಿಕ್ ಸಮುದ್ರದ ಗಾಟ್ಲೆಂಡ್ ದ್ವೀಪದಲ್ಲಿರುವ ವಿಸ್ಬಿ ನಗರದ ಕೋಟೆಯ ಹೊರಗೆ ಒಂದು ಕಲ್ಲಿನ ಶಿಲುಬೆ ನಿಂತಿದೆ. 1361ರಲ್ಲಿ ಡೇನರ ಕೈಯಲ್ಲಿ ಮಡಿದ ದ್ವೀಪವಾಸಿಗಳು ಇಲ್ಲಿ ಮಲಗಿದ್ದಾರೆಂದೂ ಅವರಿಗಾಗಿ ಪ್ರಾರ್ಥಿಸಬೇಕೆಂದೂ ಅದರ ಲ್ಯಾಟಿನ್ ಶಾಸನ ಕೋರುತ್ತದೆ. ಸತ್ತವರು ಎಂಥವರು, ಹೇಗೆ ಸತ್ತರು ಎಂಬುದನ್ನು ಶಾಸನ ಹೇಳುವುದಿಲ್ಲ. ಅದನ್ನು ಹೇಳಿದ್ದು ನೆಲದಡಿಯ ಅಸ್ಥಿಗಳು.

ಆ ವರ್ಷದ ಜುಲೈ 27ರಂದು ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಪಳಗಿದ ಸೈನ್ಯವನ್ನು ಎದುರಿಸಿದವರು ದ್ವೀಪದ ರೈತರು. ನಗರವಾಸಿಗಳು ಕೋಟೆಯೊಳಗೇ ಉಳಿದರು. ರೈತರು ಸೋತ ಬಳಿಕ ನಗರ ಶರಣಾಯಿತು. ಬೇಸಿಗೆಯ ಬಿಸಿಲಿನಲ್ಲಿ ಶವಗಳನ್ನು ಅವಸರದಿಂದ ಸಾಮೂಹಿಕ ಗುಂಡಿಗಳಲ್ಲಿ ಹೂಳಿದರೆಂದು ವಿದ್ವಾಂಸರು ಊಹಿಸುತ್ತಾರೆ. ಸಾಮಾನ್ಯವಾಗಿ ಗೆದ್ದವರು ಸುಲಿದೊಯ್ಯುತ್ತಿದ್ದ ಕವಚಗಳು ಇಲ್ಲಿ ಅನೇಕ ದೇಹಗಳೊಡನೆಯೇ ಮಣ್ಣು ಸೇರಿದವು.

1905ರಲ್ಲಿ ಆರಂಭವಾದ ಉತ್ಖನನಗಳಲ್ಲಿ ಸುಮಾರು 1185 ಜನರ ಅವಶೇಷಗಳು ದೊರೆತವು. ಬೆಂಗ್ಟ್ ಥಾರ್ಡೆಮನ್ 1939–40ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನ ಇಂದಿಗೂ ಈ ವಿಷಯದ ಆಧಾರಗ್ರಂಥ. ಬಟ್ಟೆ ಅಥವಾ ತೊಗಲಿಗೆ ಕಬ್ಬಿಣದ ತಗಡುಗಳನ್ನು ಮೊಳೆಯಿಂದ ಬಿಗಿದ ಅಂಗಿಗಳು, ಉಂಗುರಗಳನ್ನು ಹೆಣೆದ ತಲೆಗವಸುಗಳು, ಲೋಹದ ಕೈಗವಸುಗಳು ಅಲ್ಲಿ ದೊರೆತವು. ಇವುಗಳಲ್ಲಿ ಕೆಲವು ಆ ಕಾಲಕ್ಕೇ ಹಳತಾಗಿದ್ದ ಮಾದರಿಯವು.

ಗಾಯಗಳು ಇನ್ನೂ ಸ್ಪಷ್ಟವಾಗಿ ನುಡಿಯುತ್ತವೆ. ವಾಸಿಯಾದ ಗಾಯದ ಅಂಚು ಹೊಸ ಎಲುಬು ಬೆಳೆದು ನುಣುಪಾಗಿರುತ್ತದೆ. ಸಾವಿನ ಹೊತ್ತಿನ ಏಟಿನ ಅಂಚು ಚೂಪಾಗಿಯೇ ಉಳಿಯುತ್ತದೆ. ಕತ್ತಿ, ಕೊಡಲಿಗಳು ಕತ್ತರಿಸಿದ ಗುರುತುಗಳು ಇಲ್ಲಿ ಕನಿಷ್ಠ 456. ಬಾಣ, ಈಟಿ ಮೊದಲಾದವು ಚುಚ್ಚಿದ ಗುರುತುಗಳು 126. ಕತ್ತರಿಸಿದ ಗಾಯಗಳಲ್ಲಿ ಹೆಚ್ಚಿನ ಪಾಲು ಮೊಣಕಾಲಿನ ಕೆಳಗಿನ ಎಲುಬುಗಳ ಮೇಲಿದೆ. ಮುಂಡವನ್ನು ಕವಚವೂ ಗುರಾಣಿಯೂ ಕಾಯುತ್ತಿದ್ದಾಗ ಆಯುಧ ಕಾಪಿಲ್ಲದ ಕಾಲನ್ನು ಹುಡುಕಿತು. ಹೀಗೆ ಗಾಯಗಳ ನಕ್ಷೆಯೇ ಕವಚ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದರ ನಕ್ಷೆಯೂ ಆಗುತ್ತದೆ. ತಲೆಗವಸು ತೊಟ್ಟಂತೆಯೇ ಉಳಿದ ಕಪಾಲಗಳು ಆ ರಕ್ಷಣೆಯ ಮಿತಿಯನ್ನೂ ತೋರುತ್ತವೆ.

ಈ ಸಾಕ್ಷ್ಯಕ್ಕೂ ಮಿತಿಯುಂಟು. ಎಲುಬನ್ನು ಮುಟ್ಟದೆ ಹೊಟ್ಟೆಯನ್ನು ಸೀಳಿದ ಗಾಯ ಗುರುತು ಉಳಿಸುವುದಿಲ್ಲ. ಆದ್ದರಿಂದ ಈ ಎಣಿಕೆ ಎಲುಬಿನಲ್ಲಿ ಉಳಿದ ಗಾಯಗಳದ್ದೇ ಹೊರತು ಆದ ಎಲ್ಲ ಗಾಯಗಳದ್ದಲ್ಲ.

ಆದರೂ ಒಂದು ಸಂಗತಿಯನ್ನು ಅಸ್ಥಿಗಳು ಮರೆಮಾಚುವುದಿಲ್ಲ. ಗುಂಡಿಗಳಲ್ಲಿ ಪ್ರಾಯಕ್ಕೆ ಬಾರದ ಹುಡುಗರಿದ್ದಾರೆ, ಮುದುಕರಿದ್ದಾರೆ, ಹಳೆಯ ರೋಗದಿಂದ ಕುಂಟುತ್ತಿದ್ದವರೂ ಇದ್ದಾರೆ. ಆಯುಧ ಹಿಡಿಯಬಲ್ಲವರಷ್ಟೇ ಅಲ್ಲ, ನಡೆಯಬಲ್ಲವರೆಲ್ಲ ಅಂದು ಕೋಟೆಯ ಮುಂದೆ ನಿಂತಿದ್ದರು. ಶಾಸನವು ಅವರನ್ನು ಒಂದೇ ಜನಾಂಗದ ಹೆಸರಿನಲ್ಲಿ ಒಟ್ಟುಗೂಡಿಸಿತು. ಅಸ್ಥಿಗಳು ಒಬ್ಬೊಬ್ಬರನ್ನೂ ಬೇರ್ಪಡಿಸಿ ತೋರಿಸಿದವು.