ಅಡಿಪಾಯದ ಕೆಳಗಿನ ನೆಲ

ಬೈರಕೂರಿನ ನಮ್ಮ ಹಳೇ ಮನೆಯನ್ನು ಕೆಡವಿದ್ದು 2019ರ ಬೇಸಿಗೆಯಲ್ಲಿ. ಜೆಸಿಬಿ ಬರುವ ಹಿಂದಿನ ದಿನ ಅಪ್ಪ ನಾಲ್ಕು ಆಳು ಕರೆಸಿ ಚಾವಣಿಯ ಚಪ್ಪಡಿಗಳನ್ನು ಒಂದೊಂದಾಗಿ ಇಳಿಸಿದರು. ಒಟ್ಟು ಹದಿನಾಲ್ಕು ಚಪ್ಪಡಿ. ಒಂದೂ ಬಿರುಕು ಬಿಟ್ಟಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತು ಎಣಿಸುತ್ತಿದ್ದ ಅಜ್ಜಿ, "ಗೋಡೆ ನಮ್ದು, ಕಲ್ಲು ನಮ್ದು, ನೆಲ ಮಾತ್ರ ಅವ್ರದು ಅನ್ಕೊಂಡೇ ಬದುಕಿದ್ವಿ ಕಣಪ್ಪಾ" ಅಂದಳು. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಕೋಲಾರ ಜಿಲ್ಲೆಯ ಹಳ್ಳಿಮನೆಗಳ ಚರಿತ್ರೆ ನನ್ನ ವಿಷಯ. ಕಲ್ಲು, ಮಣ್ಣು, ಮರ, ಹೆಂಚು ಅಂತ ಅಧ್ಯಾಯಗಳನ್ನು ವಿಂಗಡಿಸಿಕೊಂಡಿದ್ದೆ. ನೆಲಕ್ಕೊಂದು ಅಧ್ಯಾಯ ಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಒಂದು ಮನೆ ಕಟ್ಟಲು ಎಷ್ಟು ಖರ್ಚಾಗುತ್ತದೆ ಅಂದರೆ ನಾವು ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಅಂತ ಲೆಕ್ಕ ಹಾಕುತ್ತೇವೆ. ಈ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬತ್ತು ಯಾವುದು ಅನ್ನುವುದು ನನಗೆ ಸ್ಪಷ್ಟವಾದದ್ದು ನಮ್ಮೂರಿನಿಂದ ಅರ್ಧ ಭೂಮಿಯಷ್ಟು ದೂರ ಇರುವ ಕೆರಿಬಿಯನ್ ದ್ವೀಪಗಳ ಮನೆಗಳ ಬಗ್ಗೆ ಓದಿದಾಗ. ಅಲ್ಲಿಗೆ ಹೋಗುವ ಮೊದಲು ನಮ್ಮ ಕಲ್ಲಿನ ಕತೆ ಹೇಳಬೇಕು.

ಮುಳಬಾಗಿಲು ತಾಲ್ಲೂಕಿನಲ್ಲಿ ಬಸ್ಸಿನ ಕಿಟಕಿಯಿಂದ ಯಾವ ಕಡೆ ನೋಡಿದರೂ ಬಂಡೆ ಕಾಣುತ್ತದೆ. ಆವಣಿಯ ದೇವಸ್ಥಾನಗಳು, ಕುರುಡುಮಲೆಯ ಗಣಪತಿ ಎಲ್ಲವೂ ಕಲ್ಲೇ. ವರ್ಷವಿಡೀ ಹರಿಯುವ ನದಿ ಇಲ್ಲ, ದೊಡ್ಡ ಮರಗಳ ಕಾಡೂ ಇಲ್ಲ. ಮನೆಗೆ ನೇರವಾದ ಉದ್ದನೆಯ ತೊಲೆ ಬೇಕೆಂದರೆ ಹೊರಗಿನಿಂದ ತರಿಸಬೇಕು. ಹಾಗಾಗಿ ಹಣವಿದ್ದವರು ಮಿದ್ದೆ ಮನೆ ಕಟ್ಟಿದರು. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಕೊನೆಗೆ ನೀರಿಳಿಯದಂತೆ ಚೌಳು ಮಣ್ಣಿನ ಹೊದಿಕೆ. ಮಳೆಗಾಲ ಬರುವ ಮುಂಚೆ ಮಿದ್ದೆಗೆ ಹೊಸ ಮಣ್ಣು ಹೊಡೆಯಬೇಕು. ಇಲ್ಲದವರದು ಹುಲ್ಲಿನ ಗುಡಿಸಲು. ಇವೆರಡರ ನಡುವೆ ನಿಂತದ್ದು ಚಪ್ಪಡಿ ಮನೆ. ಮರ ಇಲ್ಲದ ಸೀಮೆಯಲ್ಲಿ ಮರದ ಕೆಲಸವನ್ನು ಕಲ್ಲಿನ ಕೈಲಿ ಮಾಡಿಸಿದ ಮನೆ ಅದು.

ಚಪ್ಪಡಿ ಎಬ್ಬಿಸುವ ಹಳೆಯ ವಿಧಾನದ ಬಗ್ಗೆ 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಎಚ್. ವಾರ್ತ್ ಎಂಬಾತ ಬರೆದಿದ್ದಾನೆ. ಸಮತಟ್ಟಾದ ಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಾಕುತ್ತಾರೆ. ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತಾ ಶಬ್ದ ಕೇಳುತ್ತಾರೆ. ಟೊಳ್ಳು ಸದ್ದು ಬಂತೆಂದರೆ ಮೇಲಿನ ಪದರ ಕೆಳಗಿನ ಬಂಡೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಆಗ ಉರಿಯುವ ಸೌದೆಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಬೆಂಕಿ ಮುಂದೆ ಸಾಗಿದಂತೆ ಒಂದು ಗೇಣಿಗೂ ಕಡಿಮೆ ದಪ್ಪದ ಹಾಸು ಅಷ್ಟಗಲ ಎದ್ದುಬರುತ್ತದೆ. ಆಮೇಲೆ ಉಳಿಯಿಂದ ಗುಳಿ ತೋಡಿ, ಸಾಲಾಗಿ ಹೊಡೆದು ಬೇಕಾದ ಅಗಲಕ್ಕೆ ಸೀಳುತ್ತಾರೆ. ಸಿಡಿಮದ್ದಿನ ಮಾತೇ ಇಲ್ಲ. ನಮ್ಮ ಕಡೆ ಈ ಕೆಲಸ ಬಲ್ಲವರು ಭೋವಿ ಸಮುದಾಯದವರು. ಬಂಡೆಯ ಸದ್ದು ಕೇಳಿಯೇ ಅದರ ಒಳಗಿನ ಬಿರುಕು ಹೇಳುವ ಹಿರಿಯರು ಈಗಲೂ ಒಬ್ಬಿಬ್ಬರು ಸಿಗುತ್ತಾರೆ.

ಕಲ್ಲಿಗೆ ಒಂದು ಮಿತಿ ಇದೆ. ಅದು ಎಷ್ಟು ಭಾರವನ್ನಾದರೂ ಹೊರುತ್ತದೆ, ಆದರೆ ಬಾಗುವುದಿಲ್ಲ. ಆಧಾರವಿಲ್ಲದೆ ಉದ್ದಕ್ಕೆ ಮಲಗಿಸಿದರೆ ತನ್ನ ಭಾರಕ್ಕೇ ನಡುವಿನಲ್ಲಿ ಮುರಿಯುತ್ತದೆ. ಹಾಗಾಗಿ ಚಪ್ಪಡಿ ಮನೆಯ ಕೋಣೆಗಳು ಎಷ್ಟು ಉದ್ದವಿದ್ದರೂ ಅಗಲ ಕಡಿಮೆ. ಅಗಲ ಹೆಚ್ಚಿಸಬೇಕೆಂದರೆ ನಡುವೆ ಕಲ್ಲುಕಂಬ ನಿಲ್ಲಿಸಬೇಕು. ನಮ್ಮ ಮನೆಯ ನಡುಮನೆ ಏಳಡಿ ಅಗಲ ಇತ್ತು. ಯಾಕೆ ಏಳೇ ಅಡಿ ಅಂತ ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ತಾತ ಕೊಟ್ಟ ಉತ್ತರ: "ಗಾಡಿಗೆ ಹತ್ತಿದ ಕಲ್ಲು ಅಷ್ಟೇ ಉದ್ದ."

ತಾತನ ಈ ಮಾತನ್ನು ನಾನು ಮತ್ತೆ ಎದುರಾದದ್ದು ಬಾರ್ಬಡೋಸ್ ದ್ವೀಪದ ಚರಿತ್ರೆ ಓದುವಾಗ. ಆ ಓದಿಗೆ ನನ್ನನ್ನು ಕರೆದೊಯ್ದದ್ದು ಗಡಿ. ಬೈರಕೂರಿನಿಂದ ಸ್ವಲ್ಪ ಪೂರ್ವಕ್ಕೆ ಹೋದರೆ ಈಗ ಆಂಧ್ರ. ಬ್ರಿಟಿಷರ ಕಾಲದಲ್ಲಿ ಅದು ಮದರಾಸು ಪ್ರೆಸಿಡೆನ್ಸಿ. 1838ರಿಂದ 1917ರವರೆಗೆ ಸುಮಾರು ಐದು ಲಕ್ಷ ಭಾರತೀಯರು ಕರಾರು ಕೂಲಿಗಳಾಗಿ ಕೆರಿಬಿಯನ್ ಸೀಮೆಯ ಕಬ್ಬಿನ ತೋಟಗಳಿಗೆ ಹೋದರು. ಹೆಚ್ಚಿನವರು ಕಲ್ಕತ್ತೆಯಿಂದ ಹಡಗು ಹತ್ತಿದವರು. ಆದರೆ ಪ್ರೆಸಿಡೆನ್ಸಿಯ ತಮಿಳು, ತೆಲುಗು ಜಿಲ್ಲೆಗಳವರೂ ಮದರಾಸು ಬಂದರಿನಿಂದ ಗಯಾನಾ, ಟ್ರಿನಿಡಾಡ್‌ಗಳಿಗೆ ಹೋದರು. ಗಯಾನಾದಲ್ಲಿ ಇವತ್ತಿಗೂ ಮಾರಿಯಮ್ಮನ ಪೂಜೆ ನಡೆಯುವುದು ಅವರಿಂದ. ನಮ್ಮ ಪಕ್ಕದ ಸೀಮೆಯವರು ಅಷ್ಟು ದೂರ ಹೋಗಿ ಎಂಥ ಮನೆ ಕಟ್ಟಿಕೊಂಡರು ಅನ್ನುವುದು ನನ್ನ ಕುತೂಹಲ.

ಮೊದಲಿಗೆ ಅವರು ಮನೆ ಕಟ್ಟಲೇ ಇಲ್ಲ. ತೋಟದವರು ಕೊಟ್ಟ ಉದ್ದನೆಯ ಬ್ಯಾರಕ್ಕುಗಳಲ್ಲಿ ಇದ್ದರು. ಒಂದೊಂದು ಕುಟುಂಬಕ್ಕೆ ಹತ್ತು, ಹನ್ನೆರಡು ಅಡಿಯ ಒಂದು ಕೋಣೆ. ನಡುವಿನ ಗೋಡೆ ಚಾವಣಿವರೆಗೂ ಮುಟ್ಟುತ್ತಿರಲಿಲ್ಲ, ಒಂದು ಮನೆಯ ಮಾತು ಎಲ್ಲ ಮನೆಗೂ. ಕರಾರು ಮುಗಿಸಿ ಹೊರಬಂದವರು ಟ್ರಿನಿಡಾಡ್‌ನಲ್ಲಿ ತಾಳೆಗರಿಯ ಚಾವಣಿ, ಮಣ್ಣು ಮೆತ್ತಿದ ಗೋಡೆಯ 'ಅಜೂಪಾ' ಕಟ್ಟಿಕೊಂಡರು. ಮಣ್ಣು ಸಗಣಿ ಕಲಸಿ ಸಾರಿಸುವುದಕ್ಕೆ ಅಲ್ಲಿ 'ಲೀಪೆ' ಅನ್ನುತ್ತಾರೆ. ಭೋಜಪುರಿಯಿಂದ ಹೋದ ಮಾತು, ನಮ್ಮ 'ಲೇಪನ'ದ ನಂಟಿನದು. ಕೈಗೆ ಗೊತ್ತಿದ್ದ ಕೆಲಸ ಕಡಲು ದಾಟಿತು.

ಆದರೆ ಆ ಮಣ್ಣಿನ ಮನೆಗೆ ನೆಲ ಎಲ್ಲಿಂದ ಬಂತು? ಕರಾರಿನ ಪ್ರಕಾರ ಕೂಲಿಗೆ ಅವಧಿ ಮುಗಿದ ಮೇಲೆ ಊರಿಗೆ ವಾಪಸು ಹೋಗುವ ಹಡಗಿನ ಹಕ್ಕಿತ್ತು. 1869ರಿಂದ ಕೆಲವು ವರ್ಷ ಟ್ರಿನಿಡಾಡ್ ಸರ್ಕಾರ ಒಂದು ವ್ಯವಸ್ಥೆ ತಂದಿತು. ಆ ಹಕ್ಕನ್ನು ಬಿಟ್ಟುಕೊಟ್ಟವರಿಗೆ 10 ಎಕರೆ ಸರ್ಕಾರಿ ಭೂಮಿ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಆ ನೆಲಕ್ಕೆ ಅವರು ತೆತ್ತ ಬೆಲೆ, ಊರಿಗೆ ಹಿಂದಿರುಗುವ ದಾರಿ.

ಬಾರ್ಬಡೋಸ್‌ನ ಆಫ್ರಿಕನ್ ಮೂಲದವರಿಗೆ ಈ ಆಯ್ಕೆಯೂ ಇರಲಿಲ್ಲ. 1838ರಲ್ಲಿ ಗುಲಾಮಗಿರಿಯಿಂದ ಪೂರ್ತಿ ಬಿಡುಗಡೆಯಾದಾಗ ಚಿಕ್ಕ ದ್ವೀಪದ ಬಹುಪಾಲು ಭೂಮಿ ತೋಟದ ಮಾಲೀಕರ ಕೈಯಲ್ಲಿತ್ತು. ಬಿಡುಗಡೆಯಾದವರು ಅದೇ ಮಾಲೀಕರ ತೋಟದ ಅಂಚಿನಲ್ಲಿ ಬಾಡಿಗೆಗೆ ಜಾಗ ಹಿಡಿದರು. ಕೆಲಸಕ್ಕೆ ತಪ್ಪಿಸಿಕೊಂಡರೆ, ಎದುರು ಮಾತಾಡಿದರೆ ಜಾಗ ಖಾಲಿ ಮಾಡಬೇಕು. ಈ ಭಯದಿಂದ ಹುಟ್ಟಿದ್ದು 'ಚ್ಯಾಟಲ್ ಹೌಸ್', ಅಂದರೆ ಚರಾಸ್ತಿ ಮನೆ. ಹಲಗೆಯ ಪುಟ್ಟ ಮನೆ. ಅಡಿಪಾಯ ತೋಡುವುದಿಲ್ಲ, ಸಡಿಲವಾಗಿ ಜೋಡಿಸಿದ ಹವಳದ ಕಲ್ಲುಗಳ ಮೇಲೆ ಕೂರಿಸುತ್ತಾರೆ. ಎಬ್ಬಿಸಿದ ದಿನ ಹಲಗೆಗಳನ್ನು ಬಿಚ್ಚಿ ಗಾಡಿಗೆ ಹಾಕಿಕೊಂಡು ಹೊರಟರಾಯಿತು. ಹಲಗೆಯೂ ದ್ವೀಪದ್ದಲ್ಲ. ಕಬ್ಬಿಗಾಗಿ ಕಾಡು ಕಡಿದಾಗಿತ್ತು, ಉತ್ತರ ಅಮೆರಿಕದಿಂದ ಪೈನ್ ಮರ ಹಡಗಿನಲ್ಲಿ ಬರಬೇಕು. ಆ ಮರ ಬರುತ್ತಿದ್ದ ಉದ್ದವೇ ಮನೆಯ ಅಳತೆಯಾಯಿತು: ಸಾಮಾನ್ಯವಾಗಿ 20 ಅಡಿ ಉದ್ದ, 10 ಅಡಿ ಅಗಲ. "ಗಾಡಿಗೆ ಹತ್ತಿದ ಕಲ್ಲು ಅಷ್ಟೇ ಉದ್ದ" ಅಂದ ತಾತ ನೆನಪಾದದ್ದು ಇಲ್ಲಿ.

ಇದೇ ದ್ವೀಪದಲ್ಲಿ 1668ರಲ್ಲಿ ಒಂದು ಕಾನೂನು ಬಂದಿತ್ತು. ಗುಲಾಮರನ್ನು ಸ್ಥಿರಾಸ್ತಿ ಎಂದು ಘೋಷಿಸಿದ ಕಾನೂನು. ಅಂದರೆ ಮನುಷ್ಯನನ್ನು ತೋಟದ ನೆಲದಂತೆ, ಕಟ್ಟಡದಂತೆ ವಾರಸುದಾರಿಕೆಯಲ್ಲಿ ಕೊಡಬಹುದಿತ್ತು. ಮನುಷ್ಯ ಸ್ಥಿರಾಸ್ತಿಯಾಗಿದ್ದ ಕಡೆ, ಅವನು ಸ್ವತಂತ್ರನಾದ ಮೇಲೆ ಅವನ ಮನೆ ಚರಾಸ್ತಿಯಾಯಿತು.

ಇಂಥ ಮನೆಗಳನ್ನು ನೋಡಲು ನಾವು ಕಡಲು ದಾಟಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಯ ಕೆಲಸಕ್ಕೆ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಜನ, ಹೆಚ್ಚಿನಂಶ ದಲಿತರು, ಬಂದರು. ಅವರಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಒಂದಕ್ಕೊಂದು ಅಂಟಿದ 'ಲೈನು' ಮನೆ. ನೆಲ ಕಂಪನಿಯದು, ಮನೆ ಕೆಲಸ ಇರುವವರೆಗೆ. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಗಣಿಯ ಕೆಲಸಗಾರರಿಗೆ ತಮ್ಮದೆನ್ನುವ ಅಂಗೈ ಅಗಲ ನೆಲ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಜನ ಲೈನುಗಳಲ್ಲೇ ಉಳಿದರು. ಅಂದಿನಿಂದ ಅವರು ಕೇಳುತ್ತಾ ಬಂದ ಪ್ರಶ್ನೆ ಒಂದೇ: ನಾಲ್ಕು ತಲೆಮಾರು ಬಾಳಿದ ಈ ಮನೆ ಯಾರದು?

ಗಣಿಗೆ ಹೋಗದೆ ಹಳ್ಳಿಯಲ್ಲೇ ಉಳಿದವರ ಪಾಡೂ ಬೇರೆಯಲ್ಲ. ನನ್ನ ತಾತ ಜೀತಕ್ಕಿದ್ದವರು. ಗೌಡರ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಳ್ಳಲು ಬಾಯಿಮಾತಿನ ಒಪ್ಪಿಗೆ ಸಿಕ್ಕಿತ್ತು. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂತು. ತಾತ ಜೀತ ಬಿಟ್ಟು ಕೂಲಿಗೆ ಹೋದರು. ಗುಡಿಸಲಿನ ಜಾಗದಲ್ಲಿ ಚಪ್ಪಡಿ ಮನೆ ಎದ್ದದ್ದು ಆಮೇಲೆ. ಕಲ್ಲು ಸೀಳಿದ ಭೋವಿಯವರಿಗೆ ತಾತ ಒಂದು ಸುಗ್ಗಿ ಪೂರ್ತಿ ದುಡಿದು ಮುಯ್ಯಿ ತೀರಿಸಿದರಂತೆ. ಕೈಯಿಂದ ಹೋದ ಕಾಸು ಕಡಿಮೆ. ಎತ್ತಿ ಮನೆ ಮೇಲಿಟ್ಟ ಹದಿನಾಲ್ಕು ಚಪ್ಪಡಿಯೂ ಜನರ ಭುಜದ ಮೇಲೆ ಬಂದವು. ಬಾರ್ಬಡೋಸ್‌ನವರು ಎಬ್ಬಿಸುವ ಭಯಕ್ಕೆ ಹಗುರವಾದ ಮನೆ ಕಟ್ಟಿದರು. ತಾತ ಅದೇ ಭಯಕ್ಕೆ ಯಾರೂ ಸುಲಭಕ್ಕೆ ಎಬ್ಬಿಸಲಾಗದಷ್ಟು ಭಾರದ ಮನೆ ಕಟ್ಟಿದರು ಅಂತ ನನಗೆ ಈಗ ಅನ್ನಿಸುತ್ತದೆ. ಇದಕ್ಕೆ ಯಾವ ದಾಖಲೆಯೂ ಇಲ್ಲ.

ಕಾನೂನು ಮಾತ್ರ ಎರಡೂ ಕಡೆ ಒಂದೇ ದಿಕ್ಕಿಗೆ ಹೊರಳಿತು. ಬಾರ್ಬಡೋಸ್ 1980ರಲ್ಲಿ ಕಾಯ್ದೆ ಮಾಡಿ, ತೋಟದ ಅಂಚಿನ ಬಾಡಿಗೆದಾರರು ತಮ್ಮ ಮನೆ ನಿಂತ ಜಾಗವನ್ನು ಚದರ ಅಡಿಗೆ 10 ಸೆಂಟಿನಂತೆ ಕೊಳ್ಳುವ ಹಕ್ಕು ಕೊಟ್ಟಿತು. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಯ 38ನೇ ಕಲಂ ಕೂಡ ಇದನ್ನೇ ಹೇಳುತ್ತದೆ: ಕೃಷಿ ಕಾರ್ಮಿಕ ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸವಿದ್ದರೆ ಆ ಮನೆ, ಅದರ ಜಾಗ ಅವನಿಗೇ ಸೇರಬೇಕು. 'ಉಳುವವನೇ ಹೊಲದೊಡೆಯ' ಎಂಬ ಮಾತು ಎಲ್ಲರಿಗೂ ಗೊತ್ತು. ವಾಸಿಸುವವನೇ ಮನೆಯೊಡೆಯ ಅನ್ನುವ ಈ ಕಲಂ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ದಾಖಲೆ ಇಲ್ಲದ ಹಟ್ಟಿ, ತಾಂಡಾ, ಕಾಲೋನಿಗಳಿಗೆ ಹಕ್ಕುಪತ್ರ ಕೊಡಲು ಮತ್ತೊಂದು ತಿದ್ದುಪಡಿ ಬೇಕಾದದ್ದು 2016ರಲ್ಲಿ. ಕಾನೂನಿಗೂ ಹಟ್ಟಿಗೂ ನಡುವೆ ಅಷ್ಟು ವರ್ಷಗಳ ದೂರ.

ಕೊಟ್ಟ ನೆಲವೂ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಬಾರ್ಬುಡಾ ಎಂಬ ಇನ್ನೊಂದು ದ್ವೀಪದಲ್ಲಿ ಭೂಮಿ ಯಾರೊಬ್ಬರದೂ ಆಗಿರಲಿಲ್ಲ, ಊರಿನವರೆಲ್ಲರದಾಗಿತ್ತು. 2007ರ ಕಾಯ್ದೆಯಲ್ಲಿ ಹಾಗೆ ಬರೆದೇ ಇತ್ತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಅಲ್ಲಿನ ಬಹುತೇಕ ಕಟ್ಟಡಗಳನ್ನು ಹಾಳುಮಾಡಿತು. ದ್ವೀಪದ ಜನರನ್ನೆಲ್ಲ ಪಕ್ಕದ ಆಂಟಿಗುವಾಕ್ಕೆ ಸಾಗಿಸಿದರು. ಅವರು ಮರಳಿ ಮನೆ ಕಟ್ಟಿಕೊಳ್ಳುವುದರೊಳಗೆ ಸರ್ಕಾರ ಭೂಕಾಯ್ದೆಯನ್ನೇ ಬದಲಿಸಲು ಹೊರಟಿತು. ಗಾಳಿಗೆ ಹೋದ ಚಾವಣಿಯನ್ನು ಮತ್ತೆ ಹೊದಿಸಬಹುದು. ಕಾಗದದಲ್ಲಿ ಹೋದ ನೆಲಕ್ಕೆ ಕೋರ್ಟು ಹತ್ತಬೇಕು.

ನಮ್ಮ ಹೊಸ ಮನೆಯ ಲೆಕ್ಕಕ್ಕೆ ಬರುತ್ತೇನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ 1.20 ಲಕ್ಷ ರೂಪಾಯಿ ಸಹಾಯಧನ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ತಳಪಾಯ, ಲಿಂಟಲ್, ಚಾವಣಿ ಅಂತ ಹಂತ ಹಂತಕ್ಕೆ ಫೋಟೋ ತೆಗೆದು ಕಂತು ಬಿಡುತ್ತಾರೆ. ಅಪ್ಪನಿಗೆ ಕಂತಿಗಿಂತ ಮೊದಲು ಬೇಕಾದದ್ದು ಜಾಗದ ದಾಖಲೆ. ಒಂದು ಕಚೇರಿಗೆ ಅಪ್ಪ ಹದಿನೇಳು ಸಲ ಅಲೆದರು. ಕೂಲಿ ಬಿಟ್ಟು ಹೋದ ದಿನಗಳು, ಬಸ್ ಚಾರ್ಜು, ಜೆರಾಕ್ಸು, ಮಧ್ಯಾಹ್ನದ ಊಟ, ಇನ್ನು ಕೆಲವು ಹೇಳಲಾಗದ ಖರ್ಚು ಸೇರಿಸಿದರೆ ಹಳೆಯ ಮನೆಯ ಎಲ್ಲ ಚಪ್ಪಡಿಗಳ ಬೆಲೆಯನ್ನು ಅದು ಮೀರುತ್ತಿತ್ತು.

ಆಮೇಲೆ ನೀರು. ಮಣ್ಣಿನ ಗೋಡೆಯನ್ನು ತುಳಿದು ಕಟ್ಟಲು ನೀರು ಬೇಕು, ನಿಜ. ಆದರೆ ಸಿಮೆಂಟು ದಿನಕ್ಕೆ ಎರಡು ಹೊತ್ತು ವಾರಗಟ್ಟಲೆ ನೀರು ಕುಡಿಯುತ್ತದೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಜಿಲ್ಲೆಯಲ್ಲಿ ಅದು ಟ್ಯಾಂಕರ್ ನೀರು. ಜಲ್ಲಿ, ಎಂ-ಸ್ಯಾಂಡ್, ಕಬ್ಬಿಣ ಎಲ್ಲವೂ ಲಾರಿಯಲ್ಲಿ ಬಂದವು. ಜಲ್ಲಿ ನಮ್ಮದೇ ತಾಲ್ಲೂಕಿನ ಬಂಡೆಯ ಪುಡಿ. ಬೆಂಕಿಯಿಂದ ಹಾಸಾಗಿ ಎದ್ದು ಬರುತ್ತಿದ್ದ ಬಂಡೆಯನ್ನು ಒಡೆದು, ಪುಡಿ ಮಾಡಿ, ಸಿಮೆಂಟಿನಿಂದ ಅಂಟಿಸಿ ಮತ್ತೆ ಹಾಸು ಮಾಡಿದ್ದಕ್ಕೆ ನಾವು ಸಾಲ ಮಾಡಿದೆವು. ಕಡಲ ನಡುವಿನ ದ್ವೀಪಕ್ಕೆ ಪ್ರತಿಯೊಂದೂ ಹಡಗಿನಲ್ಲಿ ಬರಬೇಕು ಅನ್ನುವುದು ಅರ್ಥವಾಗುತ್ತದೆ. ಬಂಡೆಯ ಮೇಲೆಯೇ ಕೂತ ನಮ್ಮೂರೂ ಹಾಗೆ ಆದದ್ದು ಹೇಗೆಂದು ನನ್ನ ಪ್ರಬಂಧದಲ್ಲಿ ಬರೆಯಬೇಕಿದೆ. ಒಟ್ಟು ಖರ್ಚು ಸಹಾಯಧನದ ನಾಲ್ಕು ಪಟ್ಟು ದಾಟಿತು. ಸಾಲ ಇನ್ನೂ ತೀರಿಲ್ಲ.

ಗೃಹಪ್ರವೇಶದ ದಿನ ನೆಂಟರೆಲ್ಲ ಟೈಲ್ಸು, ಬಾಗಿಲು, ಫ್ಯಾನು ನೋಡುತ್ತಿದ್ದರು. ಅಜ್ಜಿ ಅಪ್ಪನನ್ನು ಕರೆದು, "ಆ ಕಾಗ್ದ ಎಲ್ಲಿಟ್ಟಿದ್ದೀಯ?" ಎಂದು ಕೇಳಿದಳು. ಅಪ್ಪ ಪ್ಲಾಸ್ಟಿಕ್ ಕವರಿನಿಂದ ಹಕ್ಕುಪತ್ರ ತೆಗೆದು ಕೊಟ್ಟರು. ಅಜ್ಜಿಗೆ ಓದು ಬಾರದು. ಮುದ್ರೆ ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿ, ಮಡಚಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಹದಿನಾಲ್ಕು ಚಪ್ಪಡಿಗಳಲ್ಲಿ ಎರಡು ಈಗ ಬಚ್ಚಲ ಪಕ್ಕ ಬಟ್ಟೆ ಒಗೆಯುವ ಕಲ್ಲಾಗಿವೆ. ಒಂದನ್ನು ತಲೆಬಾಗಿಲ ಮುಂದೆ ಮೆಟ್ಟಿಲಾಗಿ ಹಾಕಿದ್ದೇವೆ. ಉಳಿದವು ಹೊಂಗೆ ಮರಕ್ಕೆ ಒರಗಿ ನಿಂತಿವೆ. ಯಾರೋ ಕೊಳ್ಳಲು ಬಂದಿದ್ದರು, ಅಪ್ಪ ಕೊಡಲಿಲ್ಲ.