ಸಾಮಂತ ಫಿಲಿಪ್ಪ: ಹೆರೋದನ ಮನೆತನದ ಶಾಂತ ಅರಸ

ಆಗಮನ ಕಾಲದ ಎರಡನೇ ಭಾನುವಾರ, ‘ಸಿ’ ವರ್ಷದಲ್ಲಿ, ಲೂಕನ ಶುಭಸಂದೇಶದ 3ನೇ ಅಧ್ಯಾಯದ ಆರಂಭವನ್ನು ವಾಚಿಸಲಾಗುತ್ತದೆ. ಅಲ್ಲಿ ತಿಬೇರಿಯಸ್ ಚಕ್ರವರ್ತಿ, ಪಿಲಾತ, ಹೆರೋದ ಇವರೊಂದಿಗೆ ಸಾಮಂತ ಫಿಲಿಪ್ಪನ ಹೆಸರೂ ಕೇಳಿಬರುತ್ತದೆ. ಈತ ಯಾರು?

ಫಿಲಿಪ್ಪನು ಮಹಾ ಹೆರೋದನ ಮಗ. ತಾಯಿ ಜೆರುಸಲೇಮಿನ ಕ್ಲಿಯೋಪಾತ್ರ. ಈಕೆ ಈಜಿಪ್ಟಿನ ರಾಣಿಯಲ್ಲ. ಕ್ರಿ.ಪೂ. 4ರಲ್ಲಿ ಹೆರೋದನು ಸತ್ತಾಗ ಚಕ್ರವರ್ತಿ ಅಗಸ್ಟಸ್ ರಾಜ್ಯವನ್ನು ಅವನ ಮೂವರು ಮಕ್ಕಳಿಗೆ ಹಂಚಿದನು. ಅರ್ಖೆಲಾಯನಿಗೆ ಜುದೇಯ, ಅಂತಿಪನಿಗೆ ಗಲಿಲೇಯ, ಫಿಲಿಪ್ಪನಿಗೆ ಗಲಿಲೇಯ ಸರೋವರದ ಈಶಾನ್ಯಕ್ಕಿದ್ದ ಪ್ರಾಂತ್ಯಗಳು ದೊರೆತವು. ಅವನ ವಾರ್ಷಿಕ ಆದಾಯ 100 ತಲಾಂತು, ಅಂತಿಪನದರ ಅರ್ಧ ಮಾತ್ರ. ಪ್ರಜೆಗಳಲ್ಲಿ ಹೆಚ್ಚಿನವರು ಯೆಹೂದ್ಯೇತರರು. ಆದುದರಿಂದಲೇ ಅವನ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖವಿತ್ತು.

ಅರ್ಖೆಲಾಯನು ಕ್ರಿ.ಶ. 6ರಲ್ಲಿ, ಅಂತಿಪನು 39ರಲ್ಲಿ ಗಡೀಪಾರಾದರು. ಫಿಲಿಪ್ಪನೊಬ್ಬನೇ 37 ವರ್ಷ ಆಳಿ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡನು. ಇದರ ಗುಟ್ಟೇನು? ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಪ್ರಕಾರ ಅವನು ಸೌಮ್ಯ ಸ್ವಭಾವದವನು, ತನ್ನ ನಾಡನ್ನು ಬಿಟ್ಟು ಹೋಗುತ್ತಿರಲಿಲ್ಲ. ಕೆಲವೇ ಮಂದಿಯೊಂದಿಗೆ ಸಂಚರಿಸುವಾಗ ನ್ಯಾಯಪೀಠವನ್ನೂ ಜತೆಗೊಯ್ಯುತ್ತಿದ್ದನು. ದಾರಿಯಲ್ಲಿ ಯಾರಾದರೂ ನ್ಯಾಯ ಕೇಳಿದರೆ ಅಲ್ಲೇ ಪೀಠವನ್ನು ಇಳಿಸಿ ವಿಚಾರಣೆ ನಡೆಸುತ್ತಿದ್ದನು.

ಇಲ್ಲೊಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಅಂತಿಪನು ತನ್ನ ಸೋದರ ಫಿಲಿಪ್ಪನ ಹೆಂಡತಿ ಹೆರೋದಿಯಳನ್ನು ಮದುವೆಯಾದನೆಂದು ಮಾರ್ಕನು (6:17) ಬರೆಯುತ್ತಾನೆ. ಜೋಸೆಫಸ್ ಹೇಳುವಂತೆ ಆಕೆಯ ಮೊದಲ ಗಂಡ ಹೆರೋದ ಎಂಬ ಇನ್ನೊಬ್ಬ ಮಲಸೋದರ. ನಮ್ಮ ಸಾಮಂತ ಫಿಲಿಪ್ಪನು ಮದುವೆಯಾದದ್ದು ಹೆರೋದಿಯಳ ಮಗಳು ಸಲೋಮೆಯನ್ನು. ಆದುದರಿಂದ ಮಾರ್ಕನ ಫಿಲಿಪ್ಪ ಬೇರೆಯವನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಧರ್ಮೋಪದೇಶ ಬೋಧಿಸುವವರು ಇದನ್ನು ನೆನಪಿಡುವುದು ಒಳಿತು.

ಫಿಲಿಪ್ಪನು ಬೆತ್ಸಾಯಿದವನ್ನು ಪಟ್ಟಣವಾಗಿಸಿ ಜೂಲಿಯಾಸ್ ಎಂದು ಹೆಸರಿಟ್ಟನು. ಪೇತ್ರ, ಅಂದ್ರೆಯ ಹಾಗೂ ಪ್ರೇಷಿತ ಫಿಲಿಪ್ಪ ಬೆತ್ಸಾಯಿದ ಊರಿನವರು (ಯೊವಾನ್ನ 1:44). ಗ್ರೀಕ್ ದೇವತೆ ಪಾನ್‌ನ ಗುಹೆಯಿದ್ದ ಪನೇಯಾಸನ್ನೂ ಅವನು ವಿಸ್ತರಿಸಿದನು. ಅದೇ ಫಿಲಿಪ್ಪನ ಸೆಜರೇಯ, ಇಂದಿನ ಗೋಲನ್ ಪ್ರದೇಶದ ಬಾನಿಯಾಸ್. ಈ ಸೀಮೆಯಲ್ಲೇ ಪೇತ್ರನು ಯೇಸುವನ್ನು ಕ್ರಿಸ್ತನೆಂದು ಒಪ್ಪಿಕೊಂಡನು (ಮತ್ತಾಯ 16:13-16).

ಫಿಲಿಪ್ಪನು ಸುಮಾರು ಕ್ರಿ.ಶ. 34ರಲ್ಲಿ ಮಕ್ಕಳಿಲ್ಲದೆ ಜೂಲಿಯಾಸ್‌ನಲ್ಲಿ ನಿಧನನಾದನು. ನಾಡು ಸಿರಿಯ ಪ್ರಾಂತ್ಯಕ್ಕೆ ಸೇರಿತು. 37ರಲ್ಲಿ ಒಂದನೇ ಅಗ್ರಿಪ್ಪನ ಪಾಲಾಯಿತು. ಕೂಸುಗಳನ್ನು ಕೊಲ್ಲಿಸಿದ ತಂದೆ, ಸ್ನಾನಿಕ ಯೊವಾನ್ನನ ತಲೆ ಕಡಿಸಿದ ಸೋದರ: ಇಂಥ ಮನೆಯಲ್ಲಿ ಹುಟ್ಟಿಯೂ ಅವನು ನ್ಯಾಯ ಕೇಳಿ ಬಂದವರಿಗಾಗಿ ದಾರಿಯಲ್ಲಿ ನಿಂತನು. ಮನೆತನವೇ ಮನುಷ್ಯನ ಹಣೆಬರಹವಲ್ಲ.